ತಳದ ಮುದ್ರೆ, ಬೆನ್ನಿನ ತೂತು, ಹಣೆಯ ಕುಂಕುಮ: ತುಮಕೂರಿನ ಒಂದು ಪಿಂಗಾಣಿ ಹಸುವನ್ನು ಓದುವ ಬಗೆ

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ವರ್ಷಕ್ಕೊಂದೇ ಸಲ ಕೆಳಗಿಳಿಯುತ್ತದೆ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ತೆರೆದ ಪೆಟ್ಟಿಗೆ ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಮತ್ತೆ ಮುಚ್ಚುತ್ತದೆ. ತುಮಕೂರು ನಗರದ ಒಂದು ಮನೆಯಲ್ಲಿ ಹೀಗೆ ಪೆಟ್ಟಿಗೆ ತೆರೆದ ದಿನ ನಾನು ಅಲ್ಲಿದ್ದೆ. ಹಳೆ ಸೀರೆಯ ತುಂಡೊಂದನ್ನು ಬಿಡಿಸಿದಾಗ ಒಂದು ಗೇಣಿಗಿಂತ ಕೊಂಚ ಚಿಕ್ಕದಾದ ಪಿಂಗಾಣಿ ಹಸು ಹೊರಬಂತು. ಬಿಳಿಯ ಮೈ, ಅದರ ಮೇಲೆ ಕಿತ್ತಳೆ ಮತ್ತು ಕಂದು ಮಚ್ಚೆಗಳು. ಬಾಯಿ ತೆರೆದಿದೆ. ಬಾಲ ಮೇಲೆದ್ದು ಕಮಾನಿನಂತೆ ಬಾಗಿ ಬೆನ್ನಿಗೆ ಅಂಟಿಕೊಂಡಿದೆ. ಬೆನ್ನಿನ ನಡುವೆ ದುಂಡನೆಯ ತೂತು. ತಳದಲ್ಲಿ ಇಂಗ್ಲಿಷ್ ಲಿಪಿಯಲ್ಲಿ ‘ಜಪಾನ್’ ಎಂಬ ಒಂದೇ ಪದ, ಮಸುಕಾದ ಕೆಂಪು ಮಸಿಯಲ್ಲಿ. ಹಣೆಯ ಮೇಲೆ ಕುಂಕುಮ.

‘ಇದು ಕಾಮಧೇನು. ನಮ್ಮತ್ತೆಯವರ ಕಾಲದ್ದು. ಕೃಷ್ಣನ ಪಕ್ಕದಲ್ಲೇ ಇಡಬೇಕು’ ಎಂದರು ಮನೆಯ ಹಿರಿಯಾಕೆ.

ಇಂಥ ವಸ್ತುವೊಂದು ಕೈಗೆ ಸಿಕ್ಕಾಗ ಸಂಶೋಧಕನ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಮಾಡಿದವರು ಯಾರು, ಯಾತಕ್ಕಾಗಿ ಮಾಡಿದರು. ಹಳೆಯ ಪಿಂಗಾಣಿಯ ಬಗೆಗಿನ ಕೈಪಿಡಿಗಳು ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದೂ ಸಿಕ್ಕಂತೆಯೇ ಎಂದು ಭಾವಿಸುತ್ತವೆ. ಕಾರ್ಖಾನೆ ತಿಳಿಯಿತು, ಅದರ ಪಟ್ಟಿಯಲ್ಲಿ ವಸ್ತುವಿನ ಹೆಸರು ಸಿಕ್ಕಿತು, ಕೆಲಸ ಮುಗಿಯಿತು. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ನೋಡಿದ ಮೂರು ಪ್ರಾಣಿಗೊಂಬೆಗಳನ್ನು ಮುಂದಿಟ್ಟುಕೊಂಡು, ಈ ಕ್ರಮ ನಮ್ಮ ಮನೆಗಳ ವಸ್ತುಗಳಿಗೆ ಸಾಲದು ಎಂದು ಇಲ್ಲಿ ವಾದಿಸುತ್ತಿದ್ದೇನೆ. ಮಾಡಿದ ಉದ್ದೇಶ ಬೇರೆ, ಬಾಳಿದ ಉದ್ದೇಶ ಬೇರೆ. ಎರಡಕ್ಕೂ ವಸ್ತುವಿನ ಮೈಮೇಲೆಯೇ ಸಾಕ್ಷ್ಯವಿದೆ. ಆದರೆ ಆ ಸಾಕ್ಷ್ಯ ಒಂದೇ ಜಾಗದಲ್ಲಿಲ್ಲ.

ಮೈಯ ಮಣ್ಣು

ಕನ್ನಡದಲ್ಲಿ ‘ಪಿಂಗಾಣಿ’ ಎಂಬುದು ವಿಶಾಲವಾದ ಪದ. ಚಹಾ ಬಟ್ಟಲಿನಿಂದ ಉಪ್ಪಿನಕಾಯಿ ಜಾಡಿಯವರೆಗೆ, ವಿದ್ಯುತ್ ಕಂಬದ ಬಿಳಿ ಬುಗುಟಿನಿಂದ ಗೊಂಬೆಯವರೆಗೆ, ಹೊಳಪಿನ ಲೇಪವಿರುವ ಸುಟ್ಟ ಮಣ್ಣೆಲ್ಲ ಪಿಂಗಾಣಿಯೇ. ಗುರುತಿಸುವ ಕೆಲಸದಲ್ಲಿ ಮಾತ್ರ ಇದನ್ನು ಬಿಡಿಸಿ ನೋಡಬೇಕಾಗುತ್ತದೆ. ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಸೇರಿಸಿ 1200ರಿಂದ 1400 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಸುಟ್ಟದ್ದು ನಿಜವಾದ ಪೋರ್ಸ್‌ಲಿನ್. ಅದರ ತೆಳುವಾದ ಅಂಚನ್ನು ಬೆಳಕಿಗೆ ಹಿಡಿದರೆ ಬೆಳಕು ಹಾಯುತ್ತದೆ, ಮುರಿದ ಜಾಗ ಗಾಜಿನಂತೆ ನುಣುಪಾಗಿರುತ್ತದೆ. ಅದಕ್ಕಿಂತ ಕಡಿಮೆ ಶಾಖದಲ್ಲಿ ಸುಟ್ಟ ಬಿಳಿ ಮಣ್ಣಿನ ಸಾಮಾನು ಒಳಗೆ ರಂಧ್ರಮಯವಾಗಿಯೇ ಉಳಿಯುತ್ತದೆ. ಲೇಪ ಹೋದ ಕಡೆ ನಾಲಗೆ ತಾಗಿಸಿದರೆ ನಾಲಗೆಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕುಂಬಾರರ ಆವಗೆಯ ಶಾಖ ಸಾಮಾನ್ಯವಾಗಿ 900 ಡಿಗ್ರಿ ದಾಟುವುದಿಲ್ಲವಾದ್ದರಿಂದ ಅಲ್ಲಿ ಇವೆರಡೂ ಹುಟ್ಟುವುದಿಲ್ಲ.

ಮಣ್ಣೇ ಅಲ್ಲದ್ದೂ ಪಿಂಗಾಣಿಯ ಹೆಸರಿನಲ್ಲಿ ಓಡಾಡುತ್ತದೆ. ಕುಣಿಗಲ್ಲಿನ ಕುದುರೆಯ ವಿಷಯ ಹಾಗೆ.

ಕುಣಿಗಲ್ ಎಂದರೆ ಕೆರೆ, ಆಮೇಲೆ ಕುದುರೆ. ಟಿಪ್ಪುವಿನ ಕಾಲಕ್ಕೆ ಸಲ್ಲುವ ಅಲ್ಲಿನ ಕುದುರೆ ಫಾರಂ ಸೇನೆಯ ಕುದುರೆಗಳನ್ನು ಸಾಕಿ, ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಆ ಊರಿನ ಮನೆಯೊಂದರಲ್ಲಿ ಕಂದು ಬಣ್ಣದ, ಮುಂಗಾಲು ಎತ್ತಿದ ಕುದುರೆ ಗೊಂಬೆಯೊಂದಿದೆ. ‘ಫಾರಂನಲ್ಲಿದ್ದ ದೊರೆಗಳು ಕೊಟ್ಟದ್ದು, ಸೀಮೆ ಪಿಂಗಾಣಿ’ ಎಂದು ಮನೆಯವರ ನಂಬಿಕೆ. ಇದನ್ನು ಕೇಳಿದ ಕೂಡಲೇ ಓದು ಬಲ್ಲವರ ಮನಸ್ಸು ಇಂಗ್ಲೆಂಡಿಗೆ ಹಾರುತ್ತದೆ. ಸ್ಟ್ಯಾಫರ್ಡ್‌ಶೈರ್‌ನ ಲಾಂಗ್ಟನ್‌ನಲ್ಲಿ 1894ರಲ್ಲಿ ಶುರುವಾದ ಬೆಸ್ವಿಕ್ ಕಾರ್ಖಾನೆ ಪಿಂಗಾಣಿ ಕುದುರೆಗಳಿಗೆ ಪ್ರಸಿದ್ಧ. ಅಲ್ಲಿನ ಶಿಲ್ಪಿ ಆರ್ಥರ್ ಗ್ರೆಡಿಂಗ್ಟನ್ 1939ರಿಂದ ರೂಪಿಸಿದ ತಳಿ ಕುದುರೆಗಳ ಅಂಗಸೌಷ್ಠವವನ್ನು ಕುದುರೆ ಬಲ್ಲವರೇ ಮೆಚ್ಚಿಕೊಂಡಿದ್ದರು. ಕುದುರೆ ಸಾಕುವ ಊರು, ಇಂಗ್ಲಿಷ್ ಅಧಿಕಾರಿ, ಇಂಗ್ಲಿಷ್ ಕುದುರೆ ಗೊಂಬೆ: ಕಥೆ ತಾನೇ ತಾನಾಗಿ ಕೂಡಿಕೊಳ್ಳುತ್ತದೆ.

ಗೊಂಬೆಯ ಹಿಂಗಾಲು ಮುರಿದಿತ್ತು. ಮುರಿದ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ತಂತಿ ಕಾಣುತ್ತಿತ್ತು. ತಳಕ್ಕೆ ಉಗುರು ತಾಗಿಸಿದರೆ ಬಿಳಿ ಪುಡಿ ಉದುರಿತು. ಅದು ಆವಗೆಯನ್ನೇ ಕಾಣದ ಪ್ಲಾಸ್ಟರ್, ಮೇಲೆ ಎಣ್ಣೆ ಬಣ್ಣ ಮತ್ತು ವಾರ್ನಿಶ್. ತಂತಿಯನ್ನು ಒಳಗಿಟ್ಟು ಮಣ್ಣನ್ನು ಸುಟ್ಟರೆ, ಒಣಗುವಾಗ ಮತ್ತು ಬೇಯುವಾಗ ಮಣ್ಣು ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ, ಕಾಲು ಸೀಳುತ್ತದೆ. ಆದ್ದರಿಂದ ಒಳತಂತಿ ಸುಡದ ಗೊಂಬೆಯ ಖಚಿತ ಲಕ್ಷಣ. ಈ ಕುದುರೆಯನ್ನು ಮಾಡಿದ್ದು ಬಣ್ಣದ ಗೊಂಬೆ ಅಚ್ಚು ಹೊಯ್ದು ಮಾರುವ ಕಸುಬಿನವರು. ಊರಿನ ಕೀರ್ತಿ ವಸ್ತುವಿನ ಮೂಲಕ್ಕೆ ಸಾಕ್ಷಿಯಾಗಲಾರದು ಎಂಬುದನ್ನು ನಾನು ಕಲಿತದ್ದು ಇಲ್ಲಿ.

ಗುಬ್ಬಿಯಲ್ಲೂ ಇದೇ ಸೆಳೆತವಿದೆ. ಅಲ್ಲಿ ಯಾವ ಹಳೆಯ ಅಲಂಕಾರದ ವಸ್ತು ತೋರಿಸಿದರೂ ‘ಕಂಪನಿ ನಾಟಕದ ಕಾಲದ್ದು’ ಎನ್ನುವವರು ಸಿಗುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿಯ ವೈಭವ ಆ ಊರಿನ ನೆನಪಿನಲ್ಲಿ ಅಷ್ಟು ಆಳವಾಗಿ ಕೂತಿದೆ. ಆದರೆ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿಗೆ ಅಂಗೈಯಗಲದ ಪಿಂಗಾಣಿ ಆನೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆ ಆನೆಯ ವಿಚಾರಕ್ಕೆ ಮುಂದೆ ಬರುತ್ತೇನೆ.

ತುಮಕೂರಿನ ಹಸುವನ್ನು ಒಬ್ಬ ಹಿರಿಯ ಕುಂಬಾರರ ಕೈಗೆ ಕೊಟ್ಟೆ. ಅವರು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗಿಟ್ಟುಕೊಂಡರು. ಆಮೇಲೆ ಬೆನ್ನಿನ ತೂತಿನೊಳಗೆ ಕಿರುಬೆರಳು ಆಡಿಸಿದರು. ‘ಇದು ತಿಗರಿ ಮೇಲೆ ಆಡಿದ್ದಲ್ಲ ಮೇಷ್ಟ್ರೇ, ಒತ್ತಿದ್ದೂ ಅಲ್ಲ. ಅಚ್ಚಿಗೆ ಹುಯ್ದಿರೋದು. ಒಳಗೂ ಹೊರಗಿನಂಗೇ ಐತೆ ನೋಡಿ’ ಎಂದರು. ಕೈಪಿಡಿಗಳು ಎರಡು ಪುಟಗಳಲ್ಲಿ ವಿವರಿಸುವುದನ್ನು ಅವರ ಕಿರುಬೆರಳು ಹೇಳಿತ್ತು. ಜೇಡಿಯನ್ನು ಅಚ್ಚಿನೊಳಗೆ ಕೈಯಿಂದ ಒತ್ತಿ ಮಾಡಿದ ಗೊಂಬೆಯ ಒಳಮೈಯಲ್ಲಿ ಬೆರಳ ಗುರುತು ಉಳಿಯುತ್ತದೆ, ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು. ಕೆನೆಯಷ್ಟು ತೆಳ್ಳಗೆ ಕಲಸಿದ ಜೇಡಿಯನ್ನು ಪ್ಲಾಸ್ಟರ್ ಅಚ್ಚಿಗೆ ಹೊಯ್ದರೆ, ಅಚ್ಚು ನೀರನ್ನು ಹೀರಿ ತನ್ನ ಒಳಗೋಡೆಗೆ ಒಂದೇ ಸಮನಾದ ಪದರವನ್ನು ಕೂರಿಸಿಕೊಳ್ಳುತ್ತದೆ. ಉಳಿದದ್ದನ್ನು ಬಗ್ಗಿಸಿ ಚೆಲ್ಲುತ್ತಾರೆ. ಹೀಗಾದಾಗ ಹೊರಗಿನ ಕಾಲು, ಕೆಚ್ಚಲು, ಕತ್ತು ಎಲ್ಲದರ ಪಡಿಯಚ್ಚು ಒಳಗೂ ಟೊಳ್ಳಾಗಿ ಮೂಡುತ್ತದೆ. ಹಸುವಿನ ಎದೆಯಿಂದ ಹೊಟ್ಟೆಯ ತನಕ ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಏಣು ಸಹ ಉಳಿದಿತ್ತು. ಸಾವಿರಗಟ್ಟಲೆ ಮಾಡುವ ಕಾರ್ಖಾನೆಯ ಕೆಲಸ ಇದು ಎಂಬಷ್ಟು ಇಲ್ಲಿಗೆ ನಿಶ್ಚಯವಾಯಿತು.

ಹಿಣಿಲು, ಗಂಗೆದೊಗಲು, ಕಿವಿ

ಮುದ್ರೆಯನ್ನು ಓದುವ ಮೊದಲೇ ಶಿಲ್ಪಿಯ ಸೀಮೆಯನ್ನು ಪ್ರಾಣಿಯ ಮೈಯಲ್ಲಿ ಓದಬಹುದು. ಗುರುತಿಸುವಿಕೆಯ ಬರಹಗಳು ಇದನ್ನು ಅಷ್ಟಾಗಿ ಗಮನಿಸಿಲ್ಲ. ತುಮಕೂರು ಸೀಮೆಯವರಿಗಾದರೆ ಇದು ಕಣ್ಣಿಗೆ ಹೊಡೆಯುವಂಥದ್ದು. ಹಳ್ಳಿಕಾರ್ ತಳಿಯ ನೆಲ ಇದು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಒಂದು ಸುತ್ತು ಹಾಕಿದವರಿಗೂ ಎತ್ತಿನ ಹಿಣಿಲು, ಕತ್ತಿನ ಕೆಳಗಿನ ಗಂಗೆದೊಗಲು, ಉಬ್ಬಿದ ಹಣೆಯಿಂದ ಹಿಂದಕ್ಕೆ ಬಾಗಿ ಮೇಲೇಳುವ ಉದ್ದನೆಯ ಕೊಂಬುಗಳ ಪರಿಚಯವಿರುತ್ತದೆ. ನಮ್ಮ ಕುಂಬಾರ ಮಣ್ಣಿನ ಬಸವನನ್ನು ಮಾಡುವಾಗ ಮೊದಲು ಎತ್ತುವುದೇ ಹಿಣಿಲನ್ನು. ಕಾಲು ನಾಲ್ಕು ಗೂಟಗಳಾದರೂ ಚಿಂತೆಯಿಲ್ಲ, ಹಿಣಿಲಿಲ್ಲದೆ ಬಸವನಿಲ್ಲ.

ನಮ್ಮ ಪಿಂಗಾಣಿ ಹಸುವಿಗೆ ಹಿಣಿಲೂ ಇಲ್ಲ, ಗಂಗೆದೊಗಲೂ ಇಲ್ಲ. ಬೆನ್ನು ಹಲಗೆಯಂತೆ ಸಪಾಟು. ಕೊಂಬು ಗಿಡ್ಡ, ಮುಂದಕ್ಕೆ ಬಾಗಿವೆ. ಮೈಮೇಲೆ ಸೀಮೆ ಹಸುವಿನ ಮಚ್ಚೆಗಳು. ಯುರೋಪಿನ ಹಸುವನ್ನೋ ಅದರ ಚಿತ್ರವನ್ನೋ ನೋಡಿ ಮಾಡಿದ ರೂಪ ಇದು. ಹಾಗೆಂದು ಯುರೋಪಿನಲ್ಲೇ ತಯಾರಾಯಿತು ಎನ್ನುವಂತಿಲ್ಲ. ರೂಪ ಒಂದು ದೇಶದ್ದಾಗಿ ಕೈ ಇನ್ನೊಂದು ದೇಶದ್ದಾಗಬಹುದು, ಇಲ್ಲಿ ಆಗಿರುವುದೂ ಅದೇ. ಗೊಂಬೆ ಪೆಟ್ಟಿಗೆಗಳ ಇತರ ಪ್ರಾಣಿಗಳಿಗೂ ಈ ಪರೀಕ್ಷೆ ಹೊಂದುತ್ತದೆ. ಅಳಿಲಿನ ಬೆನ್ನಿಗೆ ಮೂರು ಗೆರೆ ಇಲ್ಲದೆ ಕಿವಿಯ ತುದಿಯಲ್ಲಿ ಕೂದಲ ಕುಚ್ಚು ಇದ್ದರೆ ಅದು ರಾಮನ ಅಳಿಲಲ್ಲ, ಯುರೋಪಿನ ಕೆಂಚಳಿಲು. ಆನೆಯ ಕಿವಿ ಹೆಗಲನ್ನು ಮುಚ್ಚುವಷ್ಟು ಅಗಲವಾಗಿ, ಬೆನ್ನು ನಡುವೆ ತಗ್ಗಾಗಿದ್ದರೆ ಆಫ್ರಿಕದ ಆನೆ.

ಮುದ್ರೆ ಹೇಳುವುದು

ತಳದ ಮುದ್ರೆಗಳ ಕಾಲನಿರ್ಣಯಕ್ಕೆ ಎಲ್ಲ ಕೈಪಿಡಿಗಳೂ ಆಧರಿಸುವುದು ಕೆಲವು ಕಾನೂನುಗಳನ್ನು. ಬ್ರಿಟನ್ 1887ರಲ್ಲಿ ಸರಕುಗಳ ಗುರುತಿಗೆ ಸಂಬಂಧಿಸಿದ ಕಾಯಿದೆ ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಜಗತ್ತಿಗೆಲ್ಲ ಪರಿಚಯವಾದದ್ದು ಅದರಿಂದ. ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯಿದೆ ಆಮದು ಸರಕಿನ ಮೇಲೆ ಮೂಲ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಜಪಾನಿನವರು ಆಗ ‘ನಿಪ್ಪಾನ್’ ಎಂದು ಬರೆಯತೊಡಗಿದರು. 1921ರಲ್ಲಿ ಅಮೆರಿಕದ ಅಧಿಕಾರಿಗಳು ಅದು ಇಂಗ್ಲಿಷ್ ಪದವಲ್ಲವೆಂದು ತಳ್ಳಿಹಾಕಿದ ಮೇಲೆ ‘ಜಪಾನ್’, ‘ಮೇಡ್ ಇನ್ ಜಪಾನ್’ ಬಂದವು. ಎರಡನೆಯ ಮಹಾಯುದ್ಧದ ಬಳಿಕ, 1947ರಿಂದ 1952ರ ನಡುವೆ, ‘ಆಕ್ಯುಪೈಡ್ ಜಪಾನ್’ ಎಂಬ ಮುದ್ರೆಯೂ ಕಾಣುತ್ತದೆ. ಜರ್ಮನಿಯ ವಸ್ತುಗಳಲ್ಲಿ ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ಕ್ಕೆ ಹಿಂದಿನದಲ್ಲ; ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕೆ ಹಿಂದಿನದಲ್ಲ.

ಈ ಪಟ್ಟಿಯನ್ನು ತುಮಕೂರಿನ ಹಸುವಿಗೆ ಹಾಗೆಯೇ ಹಚ್ಚುವುದು ತಪ್ಪು. ಅಮೆರಿಕದ ಸುಂಕದ ಕಟ್ಟೆ ಮದರಾಸಿನ ಬಂದರಿನಲ್ಲಿರಲಿಲ್ಲ. ಇಲ್ಲಿಗೆ ಬರುವ ಸರಕಿಗೆ ಅನ್ವಯಿಸುತ್ತಿದ್ದದ್ದು ಸುಳ್ಳು ವಿವರಣೆಯ ಸರಕನ್ನು ತಡೆಯಲು 1889ರಲ್ಲಿ ಬಂದ ಭಾರತೀಯ ಸರಕು ಗುರುತುಗಳ ಕಾಯಿದೆ. 1921ರ ಗೆರೆ ನಮಗೆ ಕಾನೂನಿನ ಗೆರೆಯಲ್ಲ, ಕಾರ್ಖಾನೆಯ ರೂಢಿಯ ಗೆರೆ. ದೊಡ್ಡ ಮಾರುಕಟ್ಟೆಗಾಗಿ ಮುದ್ರೆಯನ್ನು ಬದಲಾಯಿಸಿದ ಕಾರ್ಖಾನೆ ಚಿಕ್ಕ ಮಾರುಕಟ್ಟೆಗೂ ಅದೇ ಮುದ್ರೆಯನ್ನು ಒತ್ತುವುದು ಸಹಜ. ಆ ಮಟ್ಟಿಗೆ ಇದು ಸೂಚನೆ, ಪ್ರಮಾಣವಲ್ಲ.

ಹಾಗಾಗಿ ಕಾಲವನ್ನು ಬೇರೆ ದಾರಿಯಿಂದಲೂ ಬಿಗಿಮಾಡಬೇಕು. ಮಚ್ಚೆಗಳ ಕಿತ್ತಳೆಯಲ್ಲಿ ಎಣ್ಣೆ ಬಿದ್ದ ನೀರಿನಂಥ ಬಣ್ಣದ ಮಿಂಚಿದೆ. ಲೋಹದ ತೆಳುಪದರದಿಂದ ಬರುವ ಈ ಮಿಂಚು 1920 ಮತ್ತು 1930ರ ದಶಕಗಳ ಜಪಾನೀ ಅಗ್ಗದ ಪಿಂಗಾಣಿಯ ವಿಶಿಷ್ಟ ಲಕ್ಷಣ. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ಮೇಲೆ ಆ ದೇಶದ ಸರಕು ಭಾರತಕ್ಕೆ ಬರುವುದು ನಿಂತಿತು. ಮುದ್ರೆ, ಮಿಂಚು, ವ್ಯಾಪಾರದ ಇತಿಹಾಸ ಮೂರನ್ನೂ ಕೂಡಿಸಿದರೆ ಎರಡು ಮಹಾಯುದ್ಧಗಳ ನಡುವಿನ ವಸ್ತು ಎಂಬ ನಿರ್ಣಯ ಗಟ್ಟಿಯಾಗುತ್ತದೆ. ‘ನಮ್ಮತ್ತೆಯವರ ಕಾಲದ್ದು’ ಎಂಬ ಹಿರಿಯಾಕೆಯ ಮಾತು ಇದಕ್ಕೆ ಹೊಂದುತ್ತದೆ. ಸುತ್ತಿದ ಬಟ್ಟೆಯ ಒಳಗೆ ‘ಪ್ರಜಾವಾಣಿ’ಯ ಹಳೆ ಹಾಳೆಯೊಂದಿತ್ತು. ಆ ಪತ್ರಿಕೆ ಹುಟ್ಟಿದ್ದು 1948ರಲ್ಲಿ. ಹಾಳೆ ಹೇಳುವುದು ಸುತ್ತಿದ ಕಾಲವನ್ನು, ಸುತ್ತಿಸಿಕೊಂಡದ್ದರ ಕಾಲವನ್ನಲ್ಲ. ಈ ಎರಡನ್ನು ಗೊಂದಲ ಮಾಡಿಕೊಳ್ಳುವುದು ಸುಲಭವಾದ್ದರಿಂದ ಹೇಳಬೇಕಾಯಿತು.

ಮಾಡಿದವರು ಯಾರು ಎಂಬ ಪ್ರಶ್ನೆಗೆ ಬಂದರೆ, ನಗೋಯದ ಸಮೀಪದ ಸೆಟೊ ಪಟ್ಟಣದ ಕಡೆಗೆ ಬೆರಳು ತೋರುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪಿಂಗಾಣಿ ಗೊಂಬೆಗಳು ಪೇಟೆಯಿಂದ ಮಾಯವಾದಾಗ ಆ ಜಾಗವನ್ನು ತುಂಬಿದ್ದು ಸೆಟೊದ ಆವಗೆಗಳು. ಯುರೋಪಿನ ಮಾದರಿಗಳನ್ನು ಅಗ್ಗವಾಗಿ, ಅಪಾರ ಸಂಖ್ಯೆಯಲ್ಲಿ ಮಾಡಿ ಹೊರದೇಶಕ್ಕೆ ಕಳಿಸುವುದೇ ಆ ಊರಿನ ಕಸುಬಾಯಿತು. 1904ರಲ್ಲಿ ಶುರುವಾದ ನೊರಿಟಾಕೆಯಂಥ ದೊಡ್ಡ ಸಂಸ್ಥೆ ತನ್ನದೇ ಮುದ್ರೆ ಒತ್ತುತ್ತಿತ್ತು. ಸಣ್ಣ ಆವಗೆಗಳ ಸರಕು ಮಾತ್ರ ದಲ್ಲಾಳಿಗಳ ಕೈಯಿಂದ ಹಡಗು ಹತ್ತುತ್ತಿತ್ತು. ಅದರ ತಳದಲ್ಲಿ ದೇಶದ ಹೆಸರಷ್ಟೇ ಸಾಕಾಗಿತ್ತು. ‘ಜಪಾನ್’ ಎಂಬ ಒಂಟಿ ಪದ ಕುಂಬಾರನ ಸಹಿಯಲ್ಲ, ಸುಂಕದವರಿಗೆ ಕೊಟ್ಟ ಉತ್ತರ.

ತುಮಕೂರಿನಲ್ಲಿ ಇನ್ನೊಂದು ಮಾತನ್ನೂ ಕೇಳಿದೆ: ‘ಬೆಂಗಳೂರಿನ ಪಿಂಗಾಣಿ ಫ್ಯಾಕ್ಟರಿಯದ್ದಿರಬೇಕು.’ ಮೈಸೂರು ಸರ್ಕಾರ 1930ರ ದಶಕದಲ್ಲಿ ಮಲ್ಲೇಶ್ವರದ ಅಂಚಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಮೀಪ ಸ್ಥಾಪಿಸಿದ ಕಾರ್ಖಾನೆ ಅದು. ಮುಂದೆ ಮೈಸೂರು ಪೋರ್ಸ್‌ಲಿನ್ಸ್ ಆಗಿ, 1970ರ ದಶಕದಲ್ಲಿ ಬಿಎಚ್‌ಇಎಲ್‌ನ ಭಾಗವಾಯಿತು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಹರಿಸಿದ ಸಂಸ್ಥಾನಕ್ಕೆ ತಂತಿ ಕಂಬಗಳ ಪಿಂಗಾಣಿ ಬುಗುಟುಗಳು ಬೇಕಾಗಿದ್ದವು, ಅವೇ ಆ ಕಾರ್ಖಾನೆಯ ಬೆನ್ನೆಲುಬು. ಆ ಬುಗುಟುಗಳು ಎತ್ತರದ ಶಾಖದಲ್ಲಿ ಬೆಂದ, ನೀರು ಹೀರದ ಪೋರ್ಸ್‌ಲಿನ್. ನಮ್ಮ ಹಸುವಿನ ಮುಕ್ಕಾದ ಕೊಂಬಿಗೆ ನಾಲಗೆ ತಾಗಿಸಿದರೆ ಹಿಡಿದುಕೊಳ್ಳುತ್ತದೆ. ಮಣ್ಣೇ ಬೇರೆಯಾದ ಮೇಲೆ ತಳದ ಪದವನ್ನು ನೋಡುವ ಅಗತ್ಯವೂ ಬೀಳಲಿಲ್ಲ.

ಬೆನ್ನಿನ ತೂತು

ಟೊಳ್ಳು ಗೊಂಬೆಗೆ ಎಲ್ಲಾದರೂ ಒಂದು ತೂತು ಇರಲೇಬೇಕು. ಇಲ್ಲದಿದ್ದರೆ ಸುಡುವಾಗ ಒಳಗಿನ ಗಾಳಿ ಹಿಗ್ಗಿ ಒಡೆಯುತ್ತದೆ. ಆ ತೂತು ಸಾಮಾನ್ಯವಾಗಿ ತಳದಲ್ಲಿ, ಕಣ್ಣಿಗೆ ಬೀಳದಂತೆ ಇರುತ್ತದೆ. ಕಾಣುವ ಜಾಗದಲ್ಲಿ ತೂತಿದ್ದರೆ ಅದಕ್ಕೊಂದು ಕೆಲಸವಿದೆ ಎಂದೇ ಅರ್ಥ. ಬೆನ್ನಿನ ಮೇಲೆ ಸೀಳು ಇದ್ದರೆ ಕಾಸಿನ ಹುಂಡಿ. ನೆತ್ತಿಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದು ತಳದಲ್ಲಿ ಬಿರಡೆಯ ಬಾಯಿದ್ದರೆ ಉಪ್ಪು, ಮೆಣಸಿನ ಪುಡಿ ಉದುರಿಸುವ ಡಬ್ಬಿ. ಬೆನ್ನು ಪೂರ್ತಿ ತೆರೆದಿದ್ದರೆ ಗಿಡ ನೆಡುವ ಕುಂಡ.

ಬೆನ್ನಿನಲ್ಲಿ ದುಂಡನೆಯ ತೂತು, ಹಿಡಿಯಂತೆ ಬಾಗಿದ ಬಾಲ, ತೆರೆದ ಬಾಯಿ ಮೂರೂ ಒಟ್ಟಿಗೆ ಇರುವ ಹಸು ಒಂದೇ ಒಂದು ವರ್ಗಕ್ಕೆ ಸೇರುತ್ತದೆ. ಇದು ಚಹಾಕ್ಕೆ ಹಾಲು ಬಗ್ಗಿಸುವ ಜಗ್ಗು. ಬೆನ್ನಿನಿಂದ ಹಾಲು ತುಂಬಿ, ಬಾಲವನ್ನು ಹಿಡಿದೆತ್ತಿ, ಬಾಯಿಯಿಂದ ಬಟ್ಟಲಿಗೆ ಬಗ್ಗಿಸುವುದು. ಬೆನ್ನಿಗೊಂದು ಪುಟ್ಟ ಮುಚ್ಚಳವೂ ಇದ್ದಿರಬೇಕು, ಅದು ಕಳೆದುಹೋಗಿದೆ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಲಂಡನ್ನಿನ ಅಕ್ಕಸಾಲಿಗ ಜಾನ್ ಶುಪ್ಪೆ ಬೆಳ್ಳಿಯಲ್ಲಿ ಇಂಥ ಹಸುಗಳನ್ನು ಮಾಡಿ ಹೆಸರಾದ. ಸ್ಟ್ಯಾಫರ್ಡ್‌ಶೈರ್‌ನ ಕುಂಬಾರರು ಅದನ್ನೇ ಮಣ್ಣಿನಲ್ಲಿ ಮಾಡಿ ಸಾಮಾನ್ಯರ ಮನೆಗೆ ತಲುಪಿಸಿದರು. ಸ್ಟೋಕ್ ಆನ್ ಟ್ರೆಂಟ್‌ನ ವಸ್ತುಸಂಗ್ರಹಾಲಯದಲ್ಲಿ ಕೀಲರ್ ಎಂಬ ಸಂಗ್ರಾಹಕಿ ಕೊಟ್ಟ ಇಂಥ 600ಕ್ಕೂ ಹೆಚ್ಚು ಹಸುಗಳಿವೆ. ಇಂಗ್ಲಿಷ್ ಓದುಗರಿಗೆ ಪಿ. ಜಿ. ವುಡ್‌ಹೌಸ್‌ನ 1938ರ ಕಾದಂಬರಿಯ ಬೆಳ್ಳಿ ಹಸು ನೆನಪಾಗಬಹುದು. ಒಳಗನ್ನು ತೊಳೆಯುವುದು ಕಷ್ಟ ಎಂಬ ಕಾರಣಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆ ತಗ್ಗಿತು. ಜರ್ಮನಿ, ಚೆಕೊಸ್ಲೊವಾಕಿಯಾ, ಜಪಾನ್‌ಗಳ ಅಗ್ಗದ ಅಲಂಕಾರ ವಸ್ತುವಾಗಿ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬಂತು.

ಕೈಪಿಡಿಯ ಲೆಕ್ಕದಲ್ಲಿ ಸಂಶೋಧನೆ ಇಲ್ಲಿಗೆ ಮುಗಿಯಿತು: ಹಾಲಿನ ಜಗ್ಗು, ಜಪಾನ್, ಎರಡು ಯುದ್ಧಗಳ ನಡುವೆ. ಆದರೆ ತುಮಕೂರಿನಲ್ಲಿ ಈ ಹಸು ಒಂದು ದಿನವೂ ಹಾಲಿನ ಜಗ್ಗಾಗಿರಲಿಲ್ಲ. ಬಾಯಿ ಮಾತಿನ ಆಧಾರದಿಂದ ಇದನ್ನು ಹೇಳುತ್ತಿಲ್ಲ. ಬೆನ್ನಿನ ತೂತಿನಿಂದ ಬೆಳಕು ಹಾಯಿಸಿ ನೋಡಿದರೆ ಒಳಗಿನ ಲೇಪ ಶುಭ್ರವಾಗಿದೆ. ಈ ಬಗೆಯ ಕಡಿಮೆ ಶಾಖದ ಸಾಮಾನಿನ ಲೇಪದಲ್ಲಿ ಕಾಲಾಂತರದಲ್ಲಿ ಕೂದಲೆಳೆಯಂಥ ಜಾಲಬಿರುಕುಗಳು ಮೂಡುತ್ತವೆ. ಹಾಲು ತುಂಬಿದ್ದರೆ ಜಿಡ್ಡು ಆ ಬಿರುಕುಗಳಿಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ, ತೊಳೆದರೂ ಹೋಗುವುದಿಲ್ಲ. ಇದರ ಒಳಗೆ ಬಿರುಕುಗಳಿವೆ, ಕಲೆಯಿಲ್ಲ. ಬಾಯಿಯ ಅಂಚು ಸವೆದಿಲ್ಲ. ಬಾಲದ ಕೆಳಗೆ, ಬೆರಳು ತೂರುವ ಕಡೆ, ಬಣ್ಣ ಪೂರ್ತಿ ಉಳಿದಿದೆ.

ಯಾಕೆ ಬಳಸಲಿಲ್ಲ ಎಂದು ಕೇಳಿದಾಗ ಹಿರಿಯಾಕೆ ನನ್ನ ಪ್ರಶ್ನೆಯೇ ವಿಚಿತ್ರವೆಂಬಂತೆ ನೋಡಿದರು. ‘ಹಸುವಿನ ಬಾಯಿಂದ ಹಾಲು ಬಗ್ಗಿಸಿದರೆ ಎಂಜಲಾಗೋದಿಲ್ಲವೇನಪ್ಪಾ?’

ನಾನು ಓದಿದ ಯಾವ ಕೈಪಿಡಿಯಲ್ಲೂ ಈ ಮಾತು ಇರಲಿಲ್ಲ. ಮಾಡಿದವನ ಸಂಸ್ಕೃತಿಯಲ್ಲಿ ಬಾಯಿಂದ ಹಾಲು ಬರುವುದು ತಮಾಷೆ, ಇಲ್ಲಿ ಅದು ನಿಷೇಧ. ಕೆಚ್ಚಲಿನಿಂದ ಬರಬೇಕಾದ್ದು ಬಾಯಿಂದ ಬಂದರೆ ಹಾಲಿನ ಶುದ್ಧಿಯೇ ಹೋಯಿತು. ಇದರ ಜೊತೆಗೆ ಇನ್ನೆರಡು ಕಾರಣಗಳನ್ನು ಸೇರಿಸಬಹುದು. ಮಡಿ ಪಾಲಿಸುವ ಅಡುಗೆಮನೆಗೆ ಪಿಂಗಾಣಿ ಬಟ್ಟಲುಗಳಿಗೆ ಪ್ರವೇಶವಿರಲಿಲ್ಲ. ಉಪ್ಪಿನಕಾಯಿ ಜಾಡಿಗಿದ್ದ ರಿಯಾಯಿತಿ ಬಟ್ಟಲಿಗೆ ಸಿಗಲಿಲ್ಲ. ಮೇಲಾಗಿ ಪ್ರತ್ಯೇಕ ಹಾಲಿನ ಜಗ್ಗು ಬೇಕಾಗುವುದು ಮೇಜಿನ ಸುತ್ತ ಕೂತು ತಂತಮ್ಮ ಬಟ್ಟಲಿಗೆ ತಾವೇ ಹಾಲು ಬೆರೆಸಿಕೊಳ್ಳುವವರಿಗೆ. ನಮ್ಮ ಕಾಫಿ ಒಳಗಿನಿಂದಲೇ ಹದವಾಗಿ ಬೆರೆತು ಲೋಟದಲ್ಲಿ ಬರುತ್ತದೆ.

ಹಾಗಾದರೆ ತೆರೆದ ಬಾಯಿಯ ಹಸುವಿಗೆ ನಮ್ಮಲ್ಲಿ ಜಾಗವೇ ಇಲ್ಲವೇ ಎಂದರೆ ಇದೆ. ಹಾಲಿಗೆ ಎಂಜಲಾಗುವ ಬಾಯಿ ನೀರಿಗೆ ತೀರ್ಥದ ಬಾಯಿಯಾಗುತ್ತದೆ. ಗೋಮುಖದಿಂದ ಸುರಿಯುವ ನೀರನ್ನು ತಲೆಗೆ ಚಿಮುಕಿಸಿಕೊಳ್ಳದವರಿಲ್ಲ. ಮಲ್ಲೇಶ್ವರದ ನಂದಿತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದಲೇ ಲಿಂಗದ ಮೇಲೆ ನೀರು ಬೀಳುತ್ತದೆ. ಬಾಯಿ ತೆರೆದ ಹಸು ಈ ಮನೆಯಲ್ಲಿ ಅಡುಗೆಮನೆಯ ಸಾಮಾನಾಗಲು ಒಲ್ಲದೆ ದೇವರ ಕಡೆಗೆ ಸರಿದದ್ದರ ಹಿಂದೆ ಈ ಸಂಸ್ಕಾರ ಇದ್ದೇ ಇದೆ ಎಂದು ನನ್ನ ತೀರ್ಮಾನ.

ಮೆಟ್ಟಿಲು ಮತ್ತು ಸವೆತ

ಪ್ರಾಗೈತಿಹಾಸಿಕ ನೆಲೆಗಳಲ್ಲಿ ಸಿಗುವ ಸುಟ್ಟ ಮಣ್ಣಿನ ಪ್ರಾಣಿಗಳು ಆಟಿಕೆಗಳೋ ಪೂಜೆಯವೋ ಎಂಬ ಚರ್ಚೆಯಲ್ಲಿ ಪುರಾತತ್ವಜ್ಞರು ಒಂದು ಒಳ್ಳೆಯ ದಾರಿ ಹಾಕಿಕೊಟ್ಟಿದ್ದಾರೆ. ಇರಾನಿನ ಹಾಜಿ ಫಿರೂಜ್ ನೆಲೆಯ ಬಗೆಗಿನ 1983ರ ಗ್ರಂಥದಲ್ಲಿ ಮೇರಿ ವಾಯ್ಟ್ ರೂಪವೊಂದನ್ನೇ ನೋಡದೆ ಸವೆತವನ್ನೂ, ಬಿಸಾಡಿದ ಅಥವಾ ಇಟ್ಟ ಜಾಗವನ್ನೂ ನೋಡಬೇಕೆಂದು ವಾದಿಸಿದರು. ವಸ್ತುಗಳಿಗೂ ಜೀವನಚರಿತ್ರೆಯಿದೆ ಎಂದು ಇಗೊರ್ ಕೊಪಿಟಾಫ್ 1986ರಲ್ಲಿ ಬರೆದರು. ಸಾವಿರಾರು ವರ್ಷ ಹಳೆಯ ಮಣ್ಣಿನ ಎತ್ತಿಗೆ ಹಚ್ಚುವ ಈ ಎಚ್ಚರವನ್ನು ನೂರು ವರ್ಷದ ಆಸುಪಾಸಿನ ಪಿಂಗಾಣಿ ಹಸುವಿಗೆ ಹಚ್ಚದಿರಲು ಕಾರಣವಿಲ್ಲ. ಹರಕೆಯ ಗೊಂಬೆಗಳ ವಿಷಯದಲ್ಲಿ ಇದು ನಮಗೆ ಗೊತ್ತೇ ಇದೆ. ಬೆಳ್ತಂಗಡಿ ತಾಲೂಕಿನ ಸುರ್ಯದ ಸದಾಶಿವರುದ್ರ ದೇವಸ್ಥಾನದಲ್ಲಿ ಭಕ್ತರು ಒಪ್ಪಿಸುವ ಮಣ್ಣಿನ ದನ ಕರುಗಳನ್ನು ಅಲ್ಲಿನ ಹರಕೆ ಬನದಿಂದ ತಂದು ಕಪಾಟಿನಲ್ಲಿಟ್ಟರೆ ಬರೀ ಆಟಿಕೆಯಂತೆ ಕಾಣುತ್ತವೆ. ಅವು ಹರಕೆ ಎಂಬುದನ್ನು ಹೇಳುವುದು ಅವು ಕೂತಿರುವ ಜಾಗ.

ದಸರಾ ಗೊಂಬೆಯ ಏರ್ಪಾಟಿನಲ್ಲಿ ಜಾಗಕ್ಕೆ ಅರ್ಥವಿದೆ. ಬೆಸ ಸಂಖ್ಯೆಯ ಮೆಟ್ಟಿಲುಗಳ ತುದಿಯಲ್ಲಿ ಕಲಶ ಮತ್ತು ಪಟ್ಟದ ಗೊಂಬೆಗಳು, ಕೆಳಗೆ ದೇವತೆಗಳು, ಇನ್ನೂ ಕೆಳಗೆ ಶೆಟ್ಟರ ಅಂಗಡಿ, ಮದುವೆ ದಿಬ್ಬಣ. ನೆಲದ ಮೇಲೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಬೆಳೆಸಿದ ಹಸಿರು ಪಾರ್ಕು. ವಿದೇಶಿ ಗೊಂಬೆಗಳು ಇದರೊಳಗೆ ಸೇರಿಕೊಂಡದ್ದು ಹೊಸತಲ್ಲ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲೇ ಅಂಥವು ಇವೆ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲೇ ರೈಲು ಬಂತು. ಕುಣಿಗಲ್ಲಿಗೆ ಅದು ಬರಲು 2017 ಆಗಬೇಕಾಯಿತು. ಒಡೆಯುವ ಸಾಮಾನನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಸಾಗಿಸಬೇಕಾದ ಕಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಪೇಟೆಯಿಂದ ಬಂದ ಜಿಂಕೆ, ಹುಲಿ, ನಾಯಿಗಳೆಲ್ಲ ಸಾಮಾನ್ಯವಾಗಿ ಹೋಗಿ ಸೇರುವುದು ರಾಗಿ ಪೈರಿನ ನಡುವೆ. ಅಲ್ಲಿ ಅವು ಪ್ರಾಣಿಗಳಷ್ಟೇ.

ನಮ್ಮ ಹಸು ಪಾರ್ಕಿಗೆ ಹೋಗಲಿಲ್ಲ, ದೇವರ ಮೆಟ್ಟಿಲಿಗೆ ಹೋಯಿತು. ಎಷ್ಟೋ ವರ್ಷಗಳಿಂದ ಅಲ್ಲೇ ಇದೆ ಎಂಬುದಕ್ಕೆ ಹಣೆಯೇ ಸಾಕ್ಷಿ. ಅಲ್ಲಿನ ಜಾಲಬಿರುಕುಗಳಿಗೆ ಅರಿಸಿನ ಕುಂಕುಮ ಇಳಿದು ಲೇಪದ ಅಡಿಯಲ್ಲೇ ಕೆಂಪು ಬಲೆಯೊಂದು ಕಟ್ಟಿಕೊಂಡಿದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೆಡೆ ಇಟ್ಟಿಗೆ ಕೆಂಪು, ಇನ್ನೊಂದೆಡೆ ಗುಲಾಬಿ, ಅಂಚಿನಲ್ಲಿ ಅರಿಸಿನ. ಬೇರೆ ಬೇರೆ ವರ್ಷಗಳ ಬೇರೆ ಬೇರೆ ಕುಂಕುಮ. ಒಂದೆರಡು ಸಲದ ಪೂಜೆಯಿಂದ ಹೀಗಾಗುವುದಿಲ್ಲ. ಒಳಗೆ ಹಾಲಿಲ್ಲ, ಹಣೆಯಲ್ಲಿ ಕುಂಕುಮವಿದೆ: ಮಾಡಿದ ಉದ್ದೇಶ ನಡೆಯಲಿಲ್ಲ, ಬಾಳಿದ ಉದ್ದೇಶ ಇನ್ನೂ ನಡೆಯುತ್ತಿದೆ.

ಗುಬ್ಬಿಯ ಆನೆ ಇದಕ್ಕೆ ಒಳ್ಳೆಯ ಜೊತೆ. ಅಗಲ ಕಿವಿಯ, ತಗ್ಗು ಬೆನ್ನಿನ, ಸೊಂಡಿಲೆತ್ತಿದ ಬಿಳಿ ಆನೆ. ಮನೆಯವರಿಗೆ ಅದು ಐರಾವತ. ನೆತ್ತಿಯಲ್ಲಿ ಮೂರು ಸಣ್ಣ ತೂತುಗಳು, ತಳದಲ್ಲಿ ಬಿರಡೆಯ ಬಾಯಿ. ಮಾಡಿದವರ ಲೆಕ್ಕದಲ್ಲಿ ಉಪ್ಪಿನ ಡಬ್ಬಿ, ಇದಕ್ಕೊಂದು ಜೋಡಿಯೂ ಇದ್ದಿರಬೇಕು. ನಮ್ಮ ಮನೆಗಳಲ್ಲಿ ಉಪ್ಪು ಎಲೆಯ ತುದಿಗೆ ಬಡಿಸುವ ಪದಾರ್ಥ, ಉದುರಿಸಿಕೊಳ್ಳುವುದಲ್ಲ. ಮಳೆಗಾಲದ ತೇವಕ್ಕೆ ಆ ತೂತುಗಳಲ್ಲಿ ಉಪ್ಪು ಕಟ್ಟಿಕೊಳ್ಳುವುದು ಬೇರೆ. ಮೂರು ತೂತುಗಳ ಸುತ್ತ ಹೊಗೆಯ ಕಪ್ಪು ಹಿಡಿದಿತ್ತು. ಅಲುಗಿಸಿದರೆ ಒಳಗಿನಿಂದ ಬೂದಿ ಉದುರಿ, ಅದರ ಜೊತೆ ಬಿದಿರ ಕಡ್ಡಿಯ ಸುಟ್ಟ ತುದಿಗಳೂ ಬಿದ್ದವು. ಅದು ಊದುಬತ್ತಿ ಚುಚ್ಚುವ ಐರಾವತವಾಗಿ ಸೇವೆ ಸಲ್ಲಿಸಿದೆ. ಹಸು ತನ್ನ ಕೆಲಸವನ್ನು ಪೂರ್ತಿ ಬಿಟ್ಟಿತು. ಆನೆಯಾದರೋ ತನ್ನ ತೂತುಗಳಿಗೆ ಹೊಸ ಕೆಲಸವನ್ನೇ ಹುಡುಕಿಸಿಕೊಂಡಿತು.

ಗೊಂಬೆಗಳನ್ನು ಜೋಡಿಸುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸುವುದು ರೂಢಿ. ಒಂದು ಒರೆಸಿಗೆ ಹತ್ತಾರು ವರ್ಷಗಳ ಸಾಕ್ಷ್ಯ ಅಳಿಸಿಹೋಗಬಹುದು. ಕ್ಷೇತ್ರಕಾರ್ಯ ಮಾಡುವವರು ಪೆಟ್ಟಿಗೆ ತೆರೆಯುವ ದಿನವೇ, ಬಟ್ಟೆ ಒದ್ದೆಯಾಗುವ ಮೊದಲೇ ಹೋಗಬೇಕು. ನಾನು ಹೋದ ದಿನ ಜಿಂಕೆಗಳೂ ಶೆಟ್ಟರೂ ಆಗಲೇ ಮಿಂದು ಹಜಾರದಲ್ಲಿ ಸಾಲಾಗಿ ಒಣಗುತ್ತಿದ್ದರು. ಹಸು ಮಾತ್ರ ಪಕ್ಕದಲ್ಲಿ ಒಣಬಟ್ಟೆಯ ಮೇಲೆ ಕೂತಿತ್ತು. ಇದರ ಹಣೆಯನ್ನು ದಯವಿಟ್ಟು ತೊಳೆಯಬೇಡಿ, ಅಧ್ಯಯನಕ್ಕೆ ಬೇಕು ಎಂದು ಕೇಳಿಕೊಂಡೆ.

‘ನಾವೇನು ತೊಳೀತೀವಿ ಅಂದ್ಕೊಂಡ್ರಾ? ಹಸುವಿನ ಹಣೆ ಕುಂಕುಮ ಯಾರಾದರೂ ಒರೆಸ್ತಾರಾ?’ ಎಂದರು ಹಿರಿಯಾಕೆ. ‘ನಮ್ಮತ್ತೆನೂ ಒರೆಸ್ತಿರಲಿಲ್ಲ. ಹೋದ ವರ್ಷದ್ದರ ಮೇಲೇ ಇಡೋದು.’